ಚಿನ್ನದ ಮೇಲೆ ದೊರೆಯ ಮುಖ, ಬೆನ್ನಿಗೆ ದೇವರು

ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದ ನಾಣ್ಯಸಂಗ್ರಹದಲ್ಲಿ ಅಂಗೈಯಲ್ಲಿ ಹಿಡಿಯಬಹುದಾದ ಒಂದು ಚಿನ್ನದ ಬಿಲ್ಲೆ ಇದೆ. ತೂಕ ಸುಮಾರು 40 ಗ್ರಾಂ, ಅಂದರೆ ಆ ಕಾಲದ ಒಂಬತ್ತು ಚಿನ್ನದ ನಾಣ್ಯಗಳಷ್ಟು. ಕ್ರಿ.ಶ. 313ರಲ್ಲಿ ಇಟಲಿಯ ಟಿಕಿನುಮ್‌ನಲ್ಲಿ, ಇಂದಿನ ಪಾವಿಯಾದಲ್ಲಿ, ಅಚ್ಚಾದದ್ದು. ಅದರ ಮೇಲೆ ಒಂದಕ್ಕೊಂದು ಒತ್ತಿಕೊಂಡಂತೆ ಎರಡು ಮುಖಗಳು ಒಂದೇ ದಿಕ್ಕಿಗೆ ನೋಡುತ್ತಿವೆ. ಮುಂದಿನದು ಚಕ್ರವರ್ತಿ ಕಾನ್‌ಸ್ಟಂಟೈನ್: ತಲೆಗೆ ಎಲೆಮಾಲೆ, ಕೈಯಲ್ಲಿ ಈಟಿ, ಗುರಾಣಿ. ಹಿಂದಿನದು ಸೂರ್ಯದೇವ ಸೋಲ್, ತಲೆಯ ಸುತ್ತ ಚೂಪು ಕಿರಣಗಳು. ಕಿರಣಗಳನ್ನೂ ಎಲೆಮಾಲೆಯನ್ನೂ ಬೆರಳಿನಿಂದ ಮುಚ್ಚಿದರೆ ಯಾರು ದೊರೆ, ಯಾರು ದೇವರು ಎಂದು ಹೇಳುವುದು ಕಷ್ಟ. ಮೂಗು ಅದೇ, ಗಲ್ಲ ಅದೇ. ಗುರಾಣಿಯ ಮೇಲೂ ನಾಲ್ಕು ಕುದುರೆಯ ರಥವೇರಿದ ಸೂರ್ಯನೇ. ಇದರ ಹಿಂದಿನ ವರ್ಷ ಮಿಲ್ವಿಯನ್ ಸೇತುವೆಯ ಕಾಳಗವನ್ನು ಕ್ರಿಸ್ತನ ಕೃಪೆಯಿಂದ ಗೆದ್ದನೆಂದು ಕ್ರೈಸ್ತ ಬರಹಗಾರರು ಕೊಂಡಾಡಿದ ಅರಸ ಇವನೇ.

ಅರಸನೂ ದೇವರೂ ಒಂದೇ ಚಿನ್ನದ ತುಣುಕಿಗೆ ಹೇಗೆ ಬಂದರು? ಅವರ ನಡುವಿನ ನಂಟು ಎಂಥದ್ದು? ಆ ಚಿತ್ರವನ್ನು ಅಲ್ಲಿ ಇರಿಸಿದವರು ಯಾರು? ನೋಡಿದವರು ಅದನ್ನು ಹೇಗೆ ಓದಿಕೊಂಡರು? ನೂರು ವರ್ಷಗಳಿಂದ ನಾಣ್ಯಶಾಸ್ತ್ರಜ್ಞರೂ ಇತಿಹಾಸಕಾರರೂ ಈ ಪ್ರಶ್ನೆಗಳ ಸುತ್ತ ವಾದ ನಡೆಸುತ್ತ ಬಂದಿದ್ದಾರೆ. ಹೆಚ್ಚಿನ ಶ್ರಮ ಮೊದಲ ಮೂರಕ್ಕೇ ಸಂದಿದೆ. ನನಗೆ ಮುಖ್ಯವೆನಿಸುವುದು ನಾಲ್ಕನೆಯದು. ಅದಕ್ಕೆ ಬೇಕಾದ ಪುರಾವೆಯಲ್ಲಿ ಒಂದು ಪಾಲು ದಕ್ಷಿಣ ಭಾರತದ ಮಣ್ಣಿನಲ್ಲೇ ಸಿಕ್ಕಿದೆ.

ಮುಖ ಬಂದ ಬಗೆ

ಗಣರಾಜ್ಯದ ಕಾಲದ ರೋಮಿನಲ್ಲಿ ಬದುಕಿರುವವರ ಮುಖವನ್ನು ನಾಣ್ಯದ ಮೇಲೆ ಹಾಕುವ ರೂಢಿ ಇರಲಿಲ್ಲ. ರೋಮಾ ದೇವಿ, ಜುಪಿಟರ್, ಕುದುರೆಯೇರಿದ ಅವಳಿ ದೇವತೆಗಳು ಅಲ್ಲಿದ್ದರು. ಟಂಕಸಾಲೆಯ ಹೊಣೆ ಹೊತ್ತ ಯುವ ಅಧಿಕಾರಿಗಳು ಬರಬರುತ್ತ ತಮ್ಮ ಮನೆತನದ ಹಿರಿಯರನ್ನೂ ಸೇರಿಸಿಕೊಂಡರು. ಆದರೆ ಆ ಹಿರಿಯರೆಲ್ಲ ತೀರಿಕೊಂಡವರು. ನಮ್ಮ ವಿಜಯನಗರದ ವರಾಹಗಳನ್ನು ನೋಡಿದವರಿಗೆ ಈ ಸಂಕೋಚ ಅಪರಿಚಿತವೇನಲ್ಲ. ಅಲ್ಲಿ ಉಮಾಮಹೇಶ್ವರರೋ ಲಕ್ಷ್ಮೀನಾರಾಯಣರೋ ಕುಳಿತಿರುತ್ತಾರೆ. ಅರಸನದು ಹಿಂಬದಿಯಲ್ಲಿ ಹೆಸರು ಮಾತ್ರ.

ಮುಖ ಹಾಕಿಸುವುದು ಗ್ರೀಕ್ ಅರಸರ ಚಾಳಿ. ಕ್ರಿ.ಪೂ. 197ರಲ್ಲಿ ಮ್ಯಾಸಿಡೋನಿಯದ ಐದನೆಯ ಫಿಲಿಪ್‌ನನ್ನು ಸೋಲಿಸಿದ ರೋಮನ್ ಸೇನಾಪತಿ ಫ್ಲಾಮಿನೀನಸ್‌ನ ಮುಖವಿರುವ ಕೆಲವೇ ಚಿನ್ನದ ನಾಣ್ಯಗಳು ಗ್ರೀಸಿನಲ್ಲಿ ಅಚ್ಚಾದವು. ರೋಮಿನ ಒಳಗೆ ಅಂಥದ್ದು ಆಗಲು ಇನ್ನೂ ಒಂದೂವರೆ ಶತಮಾನ ಬೇಕಾಯಿತು. ಜೂಲಿಯಸ್ ಸೀಸರ್ ಕ್ರಿ.ಪೂ. 46ರಲ್ಲಿ ಹಿಂದೆಂದೂ ಕಾಣದ ಪ್ರಮಾಣದಲ್ಲಿ ಚಿನ್ನದ ನಾಣ್ಯ ಹೊರಡಿಸಿದಾಗಲೂ ಅದರ ಮೇಲಿದ್ದದ್ದು ಮುಸುಕು ಹೊದ್ದ ಹೆಣ್ಣಿನ ತಲೆ. ಕ್ರಿ.ಪೂ. 44ರ ಮೊದಲ ತಿಂಗಳುಗಳಲ್ಲಿ, ಸೆನೆಟ್ಟಿನ ಒಪ್ಪಿಗೆ ಪಡೆದು, ಅವನ ಮುಖ ಬೆಳ್ಳಿ ನಾಣ್ಯದ ಮೇಲೆ ಬಂತು. ಮಾರ್ಚ್ ನಡುವಿಗೆ ಅವನ ಕೊಲೆಯಾಯಿತು.

ಕೊಂದ ಬ್ರೂಟಸ್ ಎರಡು ಕಠಾರಿ, ನಡುವೆ ಬಿಡುಗಡೆಗೊಂಡ ಗುಲಾಮ ತೊಡುವ ಟೊಪ್ಪಿಗೆ, ಕೆಳಗೆ ಕೊಲೆಯ ದಿನಾಂಕ ಇರುವ ನಾಣ್ಯ ಹೊರಡಿಸಿದ. ಬೆಳ್ಳಿಯಲ್ಲಿ ಸಾಕಷ್ಟು ಸಿಕ್ಕಿವೆ, ಚಿನ್ನದಲ್ಲಿ ಬೆರಳೆಣಿಕೆಯಷ್ಟು. ರಾಜತನದ ವಿರುದ್ಧ ಕತ್ತಿ ಎತ್ತಿದ ಈತ ನಾಣ್ಯದ ಇನ್ನೊಂದು ಬದಿಗೆ ಹಾಕಿಸಿದ್ದು ತನ್ನದೇ ಮುಖವನ್ನು! ಎರಡೇ ವರ್ಷದಲ್ಲಿ ಮುಖ ಎಷ್ಟು ಅನಿವಾರ್ಯವಾಗಿಬಿಟ್ಟಿತ್ತು ನೋಡಿ. ಆ ಚಿನ್ನದ ಪ್ರತಿಗಳಲ್ಲೊಂದಕ್ಕೆ ತೂತು ಕೊರೆಯಲಾಗಿದೆ. ಯಾರೋ ಅದನ್ನು ಮೈಮೇಲೆ ಧರಿಸಿದ್ದರು. ಈ ತೂತಿನ ಮಾತಿಗೆ ಮತ್ತೆ ಬರುತ್ತೇನೆ.

ಸೀಸರನನ್ನು ಕ್ರಿ.ಪೂ. 42ರಲ್ಲಿ ರಾಜ್ಯವೇ ದೈವವೆಂದು ಸಾರಿತು. ಅವನ ದತ್ತುಮಗ ಆಕ್ಟೇವಿಯನ್, ಮುಂದೆ ಆಗಸ್ಟಸ್ ಆದವನು, ನಾಣ್ಯಗಳಲ್ಲಿ ತನ್ನನ್ನು ‘ದಿವಿ ಫಿಲಿಯುಸ್’ ಎಂದು ಕರೆಸಿಕೊಂಡ. ಲ್ಯಾಟಿನ್ನಿನಲ್ಲಿ ‘ದೇಉಸ್’ ಎಂದರೆ ಎಂದೆಂದೂ ದೇವರಾಗಿರುವವನು; ‘ದಿವುಸ್’ ಎಂದರೆ, ಸಾಮ್ರಾಜ್ಯದ ಕಾಲದ ಬಳಕೆಯಲ್ಲಿ, ಮನುಷ್ಯನಾಗಿ ಬದುಕಿ ಸತ್ತ ಮೇಲೆ ದೈವತ್ವ ಪಡೆದವನು. ತುಳುನಾಡಿನಲ್ಲಿ ದೇವರು ಬೇರೆ, ದೈವ ಬೇರೆ ಎಂದು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಎರಡೂ ಕಡೆಯ ಆಚರಣೆ ಪೂರ್ತಿ ಒಂದೇ ಅಲ್ಲದಿದ್ದರೂ. ಆಗಸ್ಟಸ್ ಬದುಕಿದ್ದಷ್ಟು ದಿನ ರೋಮಿನಲ್ಲಿ ದೇವರಾಗಲಿಲ್ಲ, ದೈವದ ಮಗನಾಗಿ ಉಳಿದ. ಮುಂದಿನ ಮೂರು ಶತಮಾನಗಳ ಚಿತ್ರಭಾಷೆ ಈ ಸಣ್ಣ ಅಂತರದ ಮೇಲೆಯೇ ನಿಂತಿದೆ.

ಬೆನ್ನಿಗೆ ಬಂದ ದೇವರುಗಳು

ಮುಖ ಒಂದು ಕಡೆ ನೆಲೆಯಾದ ಮೇಲೆ ದೇವರು ಇನ್ನೊಂದು ಬದಿಗೆ ಸರಿದರು. ಎರಡರ ನಡುವಿನ ದೂರ ಮಾತ್ರ ಒಂದೊಂದು ಆಳ್ವಿಕೆಯಲ್ಲಿ ಒಂದೊಂದು ಅಳತೆ.

ನೀರೋನ ವಿರುದ್ಧ ಕ್ರಿ.ಶ. 65ರಲ್ಲಿ ಪಿಸೋ ಎಂಬವನ ಸಂಚು ಬಯಲಾಯಿತು. ಆ ಹೊತ್ತಿನ ನೀರೋನ ಚಿನ್ನದ ನಾಣ್ಯಗಳಲ್ಲಿ ‘ಕಾಯುವ ಜುಪಿಟರ್’ ಕುಳಿತಿದ್ದಾನೆ. ಇಲ್ಲಿ ದೇವರು ಕಾವಲುಗಾರ, ದೊರೆ ಕಾಪಾಡಿಸಿಕೊಂಡವನು. ಟ್ರಾಜನ್‌ನ ಚಿನ್ನದ ನಾಣ್ಯವೊಂದರಲ್ಲಿ ಇದೇ ಮಾತು ಗಾತ್ರದಲ್ಲಿ ಬಂದಿದೆ: ಆಳೆತ್ತರದ ಜುಪಿಟರ್ ಸಿಡಿಲು ಹಿಡಿದು ಕೈಚಾಚಿದ್ದಾನೆ, ಅವನ ತೋಳಿನ ಕೆಳಗೆ ಮಗುವಿನಷ್ಟು ಪುಟ್ಟ ಚಕ್ರವರ್ತಿ. ಜಗತ್ತಿನ ದೊಡ್ಡ ಸೇನೆಯ ಒಡೆಯ ತನ್ನನ್ನು ಇಷ್ಟು ಚಿಕ್ಕವನಾಗಿ ತೋರಿಸಿಕೊಂಡದ್ದು ವಿನಯ ಎನ್ನಬಹುದು. ದೇವರು ಕೈಯಿಟ್ಟು ಕಾಯುವುದು ತನ್ನೊಬ್ಬನನ್ನೇ ಎಂಬ ಹಕ್ಕಿನ ಮಾತು ಎನ್ನುವುದೂ ಅಷ್ಟೇ ಸರಿ.

ಇದೇ ನೀರೋ ಕಿರಣದ ಕಿರೀಟದ ವಿಷಯದಲ್ಲಿ ಗೆರೆ ದಾಟಿದ. ಅದು ಸತ್ತು ದೈವವಾದ ಆಗಸ್ಟಸ್‌ನ ಗುರುತಾಗಿತ್ತು. ಕ್ರಿ.ಶ. 64ರ ನಂತರದ ಚಿನ್ನದ ನಾಣ್ಯಗಳಲ್ಲಿ ಜೀವಂತ ನೀರೋ ಅದೇ ಕಿರೀಟ ತೊಟ್ಟು ನಿಂತಿದ್ದಾನೆ. ಡೊಮಿಷಿಯನ್‌ನ ಪತ್ನಿಯ ಹೆಸರಿನ ಒಂದು ಚಿನ್ನದ ನಾಣ್ಯವನ್ನು ನಾನು ಚಿತ್ರಗಳಲ್ಲಿ ಮತ್ತೆ ಮತ್ತೆ ನೋಡಿದ್ದೇನೆ: ತೀರಿಕೊಂಡ ಎಳೆಯ ಮಗ ಭೂಗೋಲದ ಮೇಲೆ ಕುಳಿತು ಎರಡೂ ಕೈ ಚಾಚಿದ್ದಾನೆ, ಸುತ್ತ ಏಳು ನಕ್ಷತ್ರ. ರಾಜ್ಯದ ಮಾತು ಅಲ್ಲಿ ಏನೇ ಇರಲಿ, ಮಗು ಕಳೆದುಕೊಂಡ ತಾಯಿತಂದೆಯರ ದುಃಖ ಅದರಲ್ಲಿ ಇಲ್ಲ ಎನ್ನಲು ನನಗೆ ಮನಸ್ಸಾಗದು.

ಕೊಮೋಡಸ್ ತನ್ನ ಕೊನೆಯ ವರ್ಷಗಳಲ್ಲಿ ಹರ್ಕ್ಯುಲಿಸ್‌ನ ಸಿಂಹದ ಚರ್ಮವನ್ನು ತಲೆಗೆ ಹೊದ್ದು ಕಾಣಿಸಿಕೊಂಡ. 218ರಿಂದ 222ರವರೆಗೆ ಆಳಿದ ಎಲಗಾಬಲಸ್ ಸಿರಿಯಾದ ಎಮೆಸಾದಲ್ಲಿ ದೇವರೆಂದು ಪೂಜಿಸುತ್ತಿದ್ದ ಕರಿಗಲ್ಲನ್ನು ನಾಲ್ಕು ಕುದುರೆಯ ರಥದಲ್ಲಿ ಇರಿಸಿ ಚಿನ್ನಕ್ಕೆ ತಂದ. ಮೂರನೆಯ ಶತಮಾನದ ಕೊನೆಗೆ ಡಯೋಕ್ಲೀಷಿಯನ್ ಜುಪಿಟರ್‌ನ ವಂಶದವನಾದ, ಜೊತೆಯ ಮ್ಯಾಕ್ಸಿಮಿಯನ್ ಹರ್ಕ್ಯುಲಿಸ್‌ನ ವಂಶದವನಾದ. ಅವರ ನಾಣ್ಯಗಳಲ್ಲಿ ಮುಖಗಳು ಒಂದರ ಪಡಿಯಚ್ಚು ಇನ್ನೊಂದು; ಮನುಷ್ಯನ ಗುರುತು ಅಳಿದು ಹುದ್ದೆಯ ಗುರುತು ಉಳಿದಿದೆ. ಕಾವಲುಗಾರ, ಒಡನಾಡಿ, ವಂಶಮೂಲ, ಪ್ರತಿರೂಪ: ನಂಟು ಇಷ್ಟೂ ಬಗೆಗಳಲ್ಲಿ ಬಂತು. ಇವೆಲ್ಲ ಮೆಟ್ಟಿಲುಮೆಟ್ಟಿಲಾಗಿ ಮೇಲೇರಿ ಕೊನೆಗೆ ‘ದೊರೆಯೇ ದೇವರು’ ಎಂಬಲ್ಲಿಗೆ ಮುಟ್ಟಿದವು ಎಂದು ಹಳೆಯ ಪುಸ್ತಕಗಳು ಹೇಳುವುದುಂಟು. ನಾಣ್ಯಗಳನ್ನು ವರ್ಷದ ಕ್ರಮದಲ್ಲಿ ಜೋಡಿಸಿ ನೋಡಿದರೆ ಆ ಏರುದಾರಿ ಕಾಣುವುದಿಲ್ಲ. ಕೊಮೋಡಸ್ ಏರಿದ ಎತ್ತರದಿಂದ ಅವನ ನಂತರದವರು ಇಳಿದೇ ಬಂದರು.

ಪ್ರಚಾರವೋ, ಅಂಚೆಚೀಟಿಯೋ

ಇದನ್ನೆಲ್ಲ ‘ಪ್ರಚಾರ’ ಎಂದು ಕರೆಯುವ ಪದ್ಧತಿ ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಬೇರೂರಿತು. ಬ್ರಿಟಿಷ್ ಮ್ಯೂಸಿಯಂನ ರೋಮನ್ ಸಾಮ್ರಾಜ್ಯದ ನಾಣ್ಯಗಳ ಪಟ್ಟಿಯ ಮೊದಲ ಸಂಪುಟವನ್ನು ಹೆರಾಲ್ಡ್ ಮ್ಯಾಟಿಂಗ್ಲಿ 1923ರಲ್ಲಿ ಹೊರತಂದರು. ಅವರಿಗೂ ಅವರ ದಾರಿಯಲ್ಲಿ ನಡೆದ ಮೈಕೆಲ್ ಗ್ರಾಂಟ್ ಮೊದಲಾದವರಿಗೂ ನಾಣ್ಯ ಹೆಚ್ಚುಕಡಿಮೆ ಸರ್ಕಾರಿ ಪತ್ರಿಕೆಯೇ. ಸುದ್ದಿಮಾಧ್ಯಮವಿಲ್ಲದ ಸಾಮ್ರಾಜ್ಯದಲ್ಲಿ ಮನೆಮನೆಗೆ ಹೋಗುವ ಚಿತ್ರ ಬೇರೆ ಯಾವುದಿತ್ತು ಎಂಬುದು ಅವರ ತರ್ಕ. ಚಿತ್ರಗಳು ಇಷ್ಟು ಬೇಗ ಬೇಗ ಬದಲಾಗುತ್ತಿದ್ದುದಕ್ಕೆ, ಗೆಲುವಿನ ವರ್ಷ ಗೆಲುವಿನ ದೇವತೆ ಬರುತ್ತಿದ್ದುದಕ್ಕೆ ಈ ವಾದ ಚೆನ್ನಾಗಿ ಒಪ್ಪುತ್ತದೆ.

1956ರಲ್ಲಿ, ಅದೂ ಮ್ಯಾಟಿಂಗ್ಲಿಯವರ ಗೌರವಗ್ರಂಥದಲ್ಲೇ, ಇತಿಹಾಸಕಾರ ಎ.ಎಚ್.ಎಂ. ಜೋನ್ಸ್ ಇದಕ್ಕೆ ತಣ್ಣೀರು ಎರಚಿದರು. ಇಂದಿನ ಅಂಚೆಚೀಟಿಯ ಚಿತ್ರಕ್ಕೆ ನಾವು ಎಷ್ಟು ಬೆಲೆ ಕೊಡುತ್ತೇವೋ ರೋಮನ್ನರು ನಾಣ್ಯದ ಚಿತ್ರಕ್ಕೆ ಅಷ್ಟೇ ಕೊಟ್ಟಿರಬೇಕು. ನಾಣ್ಯದ ಚಿತ್ರದಿಂದ ಒಂದು ಆಳ್ವಿಕೆಯ ಧೋರಣೆಯನ್ನೇ ಕಟ್ಟಿ ನಿಲ್ಲಿಸಬಾರದು ಎಂದರು. ಸಿ.ಎಚ್.ವಿ. ಸದರ್ಲೆಂಡ್ 1959ರಲ್ಲಿ ಮರುತ್ತರ ಕೊಟ್ಟರು: ಅರ್ಥವಾಗದಿದ್ದರೆ ಇಷ್ಟೊಂದು ಚಿತ್ರಗಳನ್ನು ಶ್ರಮಪಟ್ಟು ಕೆತ್ತಿಸುತ್ತಿದ್ದುದಾದರೂ ಏಕೆ? ಮೈಕೆಲ್ ಕ್ರಾಫರ್ಡ್ 1983ರಲ್ಲಿ ಪ್ರಾಚೀನ ಬರಹಗಳನ್ನು ಸೋಸಿ, ಜನ ಗಮನಿಸುತ್ತಿದ್ದುದು ಮುಖವನ್ನು, ಹಿಂಬದಿಯನ್ನಲ್ಲ ಎಂದು ಜೋನ್ಸರ ಪಕ್ಷಕ್ಕೆ ಬಲ ತುಂಬಿದರು. ನನ್ನ ಮಟ್ಟಿಗೆ ಅಂಚೆಚೀಟಿಯ ಹೋಲಿಕೆ ಬೆಳ್ಳಿ-ತಾಮ್ರಕ್ಕೆ ಅರ್ಧ ಸಲ್ಲಬಹುದು, ಚಿನ್ನಕ್ಕೆ ಸಲ್ಲದು. ಅಂಚೆಚೀಟಿಯನ್ನು ಯಾರೂ ಹೂತಿಡುವುದಿಲ್ಲ, ಕೊರಳಿಗೆ ಹಾಕಿಕೊಳ್ಳುವುದಿಲ್ಲ.

ಯಾರು ಯಾರಿಗೆ ಹೇಳಿದ್ದು

ಮೂರನೆಯ ದಾರಿಯನ್ನು ಬಾರ್ಬರಾ ಲೆವಿಕ್ 1982ರಲ್ಲಿ ತೋರಿಸಿದರು. ದೊರೆ ಜನಕ್ಕೆ ಹೇಳಿದ್ದೆಂದು ಎಲ್ಲರೂ ಅಂದುಕೊಂಡಿದ್ದ ಮಾತು ಅಧಿಕಾರಿಗಳು ದೊರೆಗೇ ಹೇಳಿದ್ದು ಎಂಬುದು ಅವರ ವಾದ. ಟಂಕಸಾಲೆಯವರು ಒಡೆಯನನ್ನು ಮೆಚ್ಚಿಸಲು ಸಲ್ಲಿಸಿದ ಕಾಣಿಕೆ ಅದು. ನೋಡಬೇಕಾದ ಮೊದಲ ಕಣ್ಣು ಅವನದೇ. ಕವಿ ಸ್ಟೇಶಿಯಸ್ ಡೊಮಿಷಿಯನ್‌ನ ಕಾಲದ ಹಣಕಾಸಿನ ಮುಖ್ಯ ಅಧಿಕಾರಿಯೊಬ್ಬನ ಕೆಲಸಗಳನ್ನು ಎಣಿಸುವಾಗ ಟಂಕಸಾಲೆಯ ಲೋಹದ ಲೆಕ್ಕವನ್ನೂ ಸೇರಿಸುತ್ತಾನೆ. ಚಿತ್ರ ಆರಿಸಿದ್ದು ಇಂಥವನೇ ಎನ್ನಲು ಅದು ಸಾಲದು, ಆದರೆ ಆ ಕೆಲಸ ಚಕ್ರವರ್ತಿಯ ಮನೆವಾರ್ತೆಯ ಜನರ ಕೈಯಲ್ಲಿತ್ತೆಂದು ತೋರಿಸುತ್ತದೆ.

ಆಂಡ್ರ್ಯೂ ವ್ಯಾಲೆಸ್-ಹ್ಯಾಡ್ರಿಲ್ 1986ರಲ್ಲಿ ಆಗಸ್ಟಸ್‌ನ ನಾಣ್ಯಗಳ ಬಗ್ಗೆ ಬರೆದದ್ದು ಈ ಚರ್ಚೆಯಲ್ಲೇ ನನಗೆ ಅತ್ಯಂತ ಇಷ್ಟವಾದ ಬರಹ. ನಾಣ್ಯಕ್ಕೆ ಬೆಲೆ ಬರುವುದು ನಂಬಿಕೆಯಿಂದ. ಮೊದಲು ಆ ನಂಬಿಕೆಯ ಜಾಗದಲ್ಲಿ ದೇವರ ತಲೆ ಇತ್ತು. ಈಗ ಅದೇ ಜಾಗಕ್ಕೆ ದೊರೆಯ ತಲೆ ಬಂತು. ಹಾಗೆ ನೋಡಿದರೆ ‘ದೊರೆ ದೇವರಾದನೇ’ ಎಂಬ ಪ್ರಶ್ನೆಗೆ ಉತ್ತರ ಹಿಂಬದಿಯಲ್ಲಿ ಇಲ್ಲ. ದೇವರು ಕೂರುತ್ತಿದ್ದ ಬದಿಯಲ್ಲಿ ದೊರೆ ಬಂದು ಕೂತದ್ದರಲ್ಲೇ ಇದೆ. ಇಷ್ಟು ಸರಳವಾದ ಈ ಮಾತು ಹೊಳೆಯಲು ಅರ್ಧ ಶತಮಾನದ ವಾದ ಬೇಕಾಯಿತು. ಅದೇ ಹೊತ್ತಿಗೆ, 1987ರಲ್ಲಿ, ಪೌಲ್ ಜಾಂಕರ್ ಆಗಸ್ಟಸ್ ಕಾಲದ ಶಿಲ್ಪ, ಕಟ್ಟಡ, ನಾಣ್ಯಗಳನ್ನೆಲ್ಲ ಒಟ್ಟಿಗೆ ನೋಡಿ, ಇದು ಮೇಲಿನಿಂದ ಇಳಿದ ಆಜ್ಞೆಯಲ್ಲ, ಮೇಲಿನವರೂ ಕೆಳಗಿನವರೂ ಕೂಡಿ ಬೆಳೆಸಿದ ಚಿತ್ರಭಾಷೆ ಎಂದರು.

ಎಣಿಕೆಗೆ ಇಳಿದವರು

ಒಂದೆರಡು ಸೊಗಸಾದ ನಾಣ್ಯ ಹಿಡಿದು ವಾದ ಮಾಡಿದ್ದು ಸಾಕು, ಎಣಿಸೋಣ ಎಂದವರು ಮುಂದಿನ ತಲೆಮಾರಿನವರು. ಕಾರ್ಲೋಸ್ ನೊರೆನ್ಯ ಕ್ರಿ.ಶ. 69ರಿಂದ 235ರವರೆಗಿನ ಬೆಳ್ಳಿ ನಾಣ್ಯಗಳನ್ನು ನಿಧಿಗಳಿಂದ ಎಣಿಸಿ ಯಾವ ಗುಣದೇವತೆಗೆ (ಗುಣವನ್ನೇ ದೇವತೆಯಾಗಿಸಿದ ರೂಪಕ್ಕೆ) ಎಷ್ಟು ಪಾಲು ಎಂದು ಲೆಕ್ಕ ಹಾಕಿದರು. ಎರಿಕಾ ಮ್ಯಾಂಡರ್ಸ್ ಮತ್ತು ಕ್ಲೇರ್ ರೋವನ್ 2012ರಲ್ಲಿ ಮೂರನೆಯ ಶತಮಾನಕ್ಕೆ ಇಂಥದ್ದೇ ಕೆಲಸ ಮಾಡಿದರು. ಬರಿ ಪಟ್ಟಿಯಲ್ಲಿ ಎದ್ದು ಕಾಣುವ ವಿಚಿತ್ರ ಚಿತ್ರ ಚಲಾವಣೆಯಲ್ಲಿ ಚಿಟಿಕೆಯಷ್ಟೇ ಇದ್ದಿರಬಹುದು ಎಂಬ ಎಚ್ಚರ ಇವರಿಂದ ಬಂತು.

ವಿಲಿಯಂ ಮೆಟ್‌ಕಾಫ್, ಒಲಿವಿಯೆ ಹೆಕ್‌ಸ್ಟರ್ ಮೊದಲಾದವರು ಕೇಳಿದ್ದು ಇನ್ನೊಂದು: ಲೋಹಕ್ಕೆ ತಕ್ಕಂತೆ ಮಾತು ಬದಲಾಗುತ್ತಿತ್ತೇ? ಒಂದು ಔರಿಯಸ್, ಅಂದರೆ ಚಿನ್ನದ ನಾಣ್ಯ, 25 ಬೆಳ್ಳಿ ಡಿನೇರಿಯಸ್‌ಗೆ ಸಮ. ಡೊಮಿಷಿಯನ್ ಸಂಬಳ ಏರಿಸುವ ಮೊದಲು ಸಾಮಾನ್ಯ ಸೈನಿಕನ ಇಡೀ ವರ್ಷದ ಸಂಬಳ ಅಂಥ ಒಂಬತ್ತು. ಹಾಗಾದರೆ ಚಿನ್ನದ ಮೇಲಿನ ದೇವರು ಮಾತಾಡುತ್ತಿದ್ದುದು ಸೆನೆಟ್ಟಿನವರೊಂದಿಗೆ, ಸೇನಾಧಿಕಾರಿಗಳೊಂದಿಗೆ, ಪಟ್ಟಾಭಿಷೇಕದ ಇನಾಮು ಪಡೆದ ಕಾವಲುಪಡೆಯೊಂದಿಗೆ. ಹಳ್ಳಿಯ ಸಂತೆಯವನೊಂದಿಗಲ್ಲ. ಪಾಂಪೇ ಹತ್ತಿರದ ಬೊಸ್ಕೊರಿಯಾಲೆಯ ತೋಟದಮನೆಯಲ್ಲಿ 1895ರಲ್ಲಿ ಬೆಳ್ಳಿ ಪಾತ್ರೆಗಳ ಜೊತೆ ಸಿಕ್ಕ ಸಾವಿರಕ್ಕೂ ಹೆಚ್ಚು ಔರಿಯಸ್‌ಗಳು ಈ ಚಿನ್ನ ಯಾರ ಮನೆಯಲ್ಲಿ ಕೂಡುತ್ತಿತ್ತು ಎನ್ನುವುದಕ್ಕೆ ಸಾಕ್ಷಿ.

ದೇವರೇ, ದೇವರ ಹಾಗೆಯೇ

ಧರ್ಮದ ಇತಿಹಾಸಕಾರರ ಜಗಳ ಬೇರೆ ನೆಲದ್ದು. ಜೆ. ರೂಫಸ್ ಫಿಯರ್ಸ್ 1977ರಲ್ಲಿ ಹೇಳಿದಂತೆ ದೊರೆ ದೇವರು ಆರಿಸಿದವನು, ದೇವರ ಪ್ರತಿನಿಧಿ. ಸೈಮನ್ ಪ್ರೈಸ್ 1984ರಲ್ಲಿ ಏಷ್ಯಾ ಮೈನರಿನ ಪೂಜಾಚರಣೆಗಳನ್ನು ಓದಿ, ‘ಜನ ನಿಜವಾಗಿ ನಂಬುತ್ತಿದ್ದರೇ’ ಎಂಬ ಪ್ರಶ್ನೆಯೇ ಕ್ರೈಸ್ತ ಮನಸ್ಸಿನದು, ಅಲ್ಲಿಯ ಜನರಿಗೆ ಆಚರಣೆಯೇ ಅಧಿಕಾರವನ್ನು ಅರ್ಥಮಾಡಿಕೊಳ್ಳುವ ದಾರಿ ಎಂದರು. ಇಟ್ಟಾಯ್ ಗ್ರಾಡೆಲ್ 2002ರಲ್ಲಿ ಇನ್ನೂ ಮುಂದೆ ಹೋದರು: ರೋಮನ್ನರಿಗೆ ದೈವತ್ವ ಎಂಬುದು ಹುಟ್ಟುಗುಣವಲ್ಲ, ಅಂತಸ್ತು, ಗೌರವದ ಏಣಿಯಲ್ಲಿ ಎಲ್ಲಕ್ಕಿಂತ ಮೇಲಿನ ಮೆಟ್ಟಿಲು. ದೊಡ್ಡವರ ಕಾಲಿಗೆ ಬಿದ್ದು, ಉಪಕಾರ ಮಾಡಿದವರನ್ನು ‘ನೀವೇ ನಮ್ಮ ಪಾಲಿನ ದೇವರು’ ಎಂದು ಮನಸಾರೆ ಹೇಳುವ ನಮ್ಮ ಓದುಗರಿಗೆ ಗ್ರಾಡೆಲ್ ಮಾತು ಯುರೋಪಿನ ಓದುಗರಿಗಿಂತ ಬೇಗ ದಕ್ಕೀತು. ಟ್ರಾಜನ್‌ನ ಪುಟ್ಟ ಆಕೃತಿಯನ್ನು ಫಿಯರ್ಸ್ ಚೆನ್ನಾಗಿ ವಿವರಿಸುತ್ತಾರೆ, ಕೊಮೋಡಸ್‌ನ ಸಿಂಹದ ಚರ್ಮವನ್ನು ಗ್ರಾಡೆಲ್. ಕಾನ್‌ಸ್ಟಂಟೈನ್‌ನ ಆ ಜೋಡಿಮುಖದ ಮುಂದೆ ಇಬ್ಬರೂ ತಡವರಿಸುತ್ತಾರೆ.

ಕೈಗೆ ತೆಗೆದುಕೊಂಡವರು ಕಂಡದ್ದು

ಇಷ್ಟು ಹೊತ್ತು ನಾಣ್ಯ ಕೊಟ್ಟವರ ಮಾತಾಯಿತು. ಪಡೆದವರ ಸಾಕ್ಷಿ ಚದುರಿದೆ, ಆದರೆ ಬಡವಾಗಿಲ್ಲ. ಸುವಾರ್ತೆಗಳಲ್ಲಿ ಯೇಸು ಡಿನೇರಿಯಸ್ ತರಿಸಿ, ಇದರ ಮೇಲಿನ ಮುಖ, ಬರಹ ಯಾರದು ಎಂದು ಕೇಳುತ್ತಾನೆ. ತತ್ತ್ವಜ್ಞಾನಿ ಎಪಿಕ್ಟೀಟಸ್ ಮನುಷ್ಯರ ಗುಣವನ್ನು ನಾಣ್ಯಕ್ಕೆ ಹೋಲಿಸುವಾಗ ಟ್ರಾಜನ್‌ನ ಮುದ್ರೆಯದಾದರೆ ಇಟ್ಟುಕೋ, ನೀರೋನದಾದರೆ ಎಸೆ ಎನ್ನುತ್ತಾನೆ. ಟೈಬೀರಿಯಸ್‌ನ ಕಾಲದಲ್ಲಿ ಆಗಸ್ಟಸ್‌ನ ಮುಖವಿದ್ದ ನಾಣ್ಯವನ್ನು ಶೌಚದ ಜಾಗಕ್ಕೋ ವೇಶ್ಯೆಯ ಮನೆಗೋ ಒಯ್ಯುವುದೂ ತಲೆ ಹೋಗುವ ಅಪರಾಧವಾಗಿತ್ತೆಂದು ಚಕ್ರವರ್ತಿಗಳ ಚರಿತ್ರೆಕಾರ ಸ್ವೆಟೋನಿಯಸ್ ಬರೆದಿದ್ದಾನೆ. ಇವೆಲ್ಲದರಲ್ಲೂ ಮಾತು ಮುಖದ್ದೇ.

ಚಿನ್ನದ ಬಗ್ಗೆ ನೇರ ಸಾಕ್ಷಿ ಯುಸೀಬಿಯಸ್‌ನದು. ಕಾನ್‌ಸ್ಟಂಟೈನ್ ತನ್ನ ಚಿನ್ನದ ನಾಣ್ಯಗಳಲ್ಲಿ ಕಣ್ಣೆತ್ತಿ ಮೇಲೆ ನೋಡುತ್ತಿದ್ದಾನೆ, ದೇವರಲ್ಲಿ ಪ್ರಾರ್ಥಿಸುವವನ ಹಾಗೆ, ಎಂದು ಈ ಬಿಷಪ್ ಬರೆದ. ಅಂಥ ನಾಣ್ಯಗಳು ಸಿಕ್ಕಿವೆ, ನೋಟ ಮೇಲಕ್ಕೇ ಇದೆ. ಆದರೆ ಆ ಮೇಲ್ನೋಟ ಅಲೆಕ್ಸಾಂಡರ್‌ನ ಕಾಲದಿಂದ ಬಂದ ಗ್ರೀಕ್ ಅರಸರ ಭಂಗಿ. ಕ್ರಿಸ್ತನಿಗಿಂತ ಮುನ್ನೂರು ವರ್ಷ ಹಳೆಯದು. ಕೆತ್ತಿದವನು ಅಲೆಕ್ಸಾಂಡರ್‌ನನ್ನು ನೆನೆದಿರಬಹುದು, ನೋಡಿದವನು ಪ್ರಾರ್ಥನೆ ಕಂಡ. ಯುಸೀಬಿಯಸ್ ತಪ್ಪಾಗಿ ಓದಿದ ಎಂದು ಹಲವರು ಬರೆಯುತ್ತಾರೆ. ನಾನು ಹಾಗೆನ್ನಲಾರೆ. ಅರ್ಥ ಎರಡೂ ಕಡೆಯಿಂದ ಹುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಇಲ್ಲ.

ಸಾಮ್ರಾಜ್ಯದ ಹೊರಗಿನವರೂ ಮುಖಗಳನ್ನು ನೋಡಿದರು. ಕ್ಲಾಡಿಯಸ್‌ನ ಕಾಲದಲ್ಲಿ ಶ್ರೀಲಂಕೆಗೆ ತಲುಪಿದ ರೋಮನ್ನನೊಬ್ಬನ ಬಳಿಯ ನಾಣ್ಯಗಳನ್ನು ಕಂಡು ಅಲ್ಲಿಯ ಅರಸ ಬೆರಗಾದ ಕಥೆ ರೋಮನ್ ಬರಹಗಾರ ಪ್ಲಿನಿಯಲ್ಲಿದೆ: ಮುಖಗಳು ಬೇರೆ ಬೇರೆ, ಆದರೂ ತೂಕ ಒಂದೇ! ಇನ್ನು 1898ರಲ್ಲಿ ತಮಿಳುನಾಡಿನ ಪುದುಕ್ಕೋಟೈ ಸೀಮೆಯಲ್ಲಿ ಸಿಕ್ಕ 501 ಔರಿಯಸ್‌ಗಳ ನಿಧಿ. ಅದರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ನಾಣ್ಯಗಳ ಮೇಲೆ ಚಾಣದಿಂದ ಹೊಡೆದ ಗಾಯ ಇದೆ, ಅದೂ ಚಕ್ರವರ್ತಿಯ ಮುಖದ ಮೇಲೆ. ಸವೆದ ನಾಣ್ಯವನ್ನು ಚಲಾವಣೆಯಿಂದ ತೆಗೆಯಲು ಹೊಡೆದರು ಎಂದು ಕೆಲವರು. ಒಳಗೆ ಹಿತ್ತಾಳೆಯೋ ಚಿನ್ನವೋ ಎಂದು ಪರೀಕ್ಷಿಸಲು ಎಂದು ಕೆಲವರು. ಪರದೇಶದ ದೊರೆಯ ಅಧಿಕಾರ ಇಲ್ಲಿ ನಡೆಯದು, ಇದು ಬರಿ ಲೋಹ ಎಂದು ಸಾರಲು ಎಂದು ಮತ್ತೆ ಕೆಲವರು. ಪರೀಕ್ಷೆಗಾದರೆ ಯಾವ ಬದಿಗೆ ಹೊಡೆದರೂ ನಡೆಯುತ್ತಿತ್ತು. ಮುಖವನ್ನೇ ಆರಿಸಿದ್ದರಲ್ಲಿ ಲೆಕ್ಕಾಚಾರವಿದೆ ಎಂದು ನನಗನಿಸುತ್ತದೆ.

ಕರ್ನಾಟಕದಲ್ಲಿ ಸಿಕ್ಕ ರೋಮನ್ ನಾಣ್ಯಗಳಲ್ಲಿ ಹೆಚ್ಚಿನವು ಬೆಳ್ಳಿಯವು. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ 163 ಸಿಕ್ಕವು. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿ ಟೈಬೀರಿಯಸ್‌ನ ನಾಣ್ಯ ಬಂತು. ಹಾನಗಲ್ ತಾಲೂಕಿನ ಅಕ್ಕಿಆಲೂರಿನ ನಿಧಿ ಮಾತ್ರ ಚಿನ್ನದ್ದು, ಅದರಲ್ಲಿ ಬಹುಪಾಲು ಐದು-ಆರನೆಯ ಶತಮಾನದ ಸಾಲಿಡಸ್ ಎಂಬ ಚಿನ್ನದ ನಾಣ್ಯಗಳು. ದಕ್ಷಿಣ ಭಾರತದಲ್ಲಿ ದೊರೆತ ಇಂಥ ನಾಣ್ಯಗಳಲ್ಲಿ ಹಲವಕ್ಕೆ ಚಕ್ರವರ್ತಿಯ ತಲೆಯ ಮೇಲ್ಭಾಗದಲ್ಲಿ ಜೋಡಿ ತೂತುಗಳಿವೆ. ದಾರ ಪೋಣಿಸಿದರೆ ಮುಖ ನೆಟ್ಟಗೆ ನಿಲ್ಲುತ್ತದೆ. ನಮ್ಮ ಅಜ್ಜಿಯರ ಕಾಸಿನ ಸರದಲ್ಲಿ ಲಕ್ಷ್ಮಿ ಹೇಗೆ ನೆಟ್ಟಗೆ ನಿಲ್ಲುತ್ತಾಳೋ ಹಾಗೆ.

ಬಿಡಿಸದ ಗಂಟುಗಳು

ಇಂಥ ಚಿತ್ರ ಕೆತ್ತಿರಿ ಎಂದು ಟಂಕಸಾಲೆಗೆ ಬಂದ ಒಂದೇ ಒಂದು ಆದೇಶಪತ್ರವೂ ಉಳಿದಿಲ್ಲ. ಹಾಗಾಗಿ ಆರಿಸಿದವರು ಯಾರೆಂಬ ವಾದ ಊಹೆಯನ್ನು ದಾಟಿಲ್ಲ. ಬೆಳ್ಳಿಯಲ್ಲಿ ನಡೆದ ಎಣಿಕೆಯನ್ನು ಚಿನ್ನಕ್ಕೆ ಒಯ್ಯುವುದು ಸುಲಭವಲ್ಲ, ಏಕೆಂದರೆ ಹಳೆಯ ಚಿನ್ನ ಕರಗಿ ಹೊಸ ಚಿನ್ನವಾಗುತ್ತಲೇ ಬಂದಿದೆ. ಟೈಬೀರಿಯಸ್ ತನ್ನ ಆಳ್ವಿಕೆಯ ಬಹುಕಾಲ ಲಿಯಾನ್‌ನಲ್ಲಿ ಚಿನ್ನಕ್ಕೂ ಬೆಳ್ಳಿಗೂ ಒಂದೇ ಚಿತ್ರ ಹಾಕಿಸಿದ: ಆಸನದಲ್ಲಿ ಕುಳಿತ ಹೆಂಗಸು, ಕೈಯಲ್ಲಿ ದಂಡ, ಕೊಂಬೆ. ಆಕೆ ಶಾಂತಿದೇವತೆಯೋ, ಅವನ ತಾಯಿ ಲಿವಿಯಾಳೋ, ತಾಯಿಯ ರೂಪ ತಾಳಿದ ದೇವಿಯೋ? ಹೆಸರು ಬರೆಯದೆ ಬಿಟ್ಟದ್ದು ಬೇಕೆಂದೇ ಇರಬಹುದೆಂದು ಈಗ ಹಲವರು ಒಪ್ಪುತ್ತಾರೆ, ಬೇಕೆಂದು ಬಿಟ್ಟದ್ದೇಕೆ ಎಂಬಲ್ಲಿ ಮತ್ತೆ ಬೇರೆಯಾಗುತ್ತಾರೆ. ಕಾನ್‌ಸ್ಟಂಟೈನ್ ಕ್ರೈಸ್ತನಾದ ಮೇಲೂ 325ರ ಆಸುಪಾಸಿನವರೆಗೆ ಸೂರ್ಯ ಅವನ ನಾಣ್ಯಗಳನ್ನು ಬಿಟ್ಟು ಹೋಗಲಿಲ್ಲ. ಅದು ಟಂಕಸಾಲೆಯ ರೂಢಿಯ ಎಳೆತವೋ, ಸೂರ್ಯಭಕ್ತ ಸೈನಿಕರ ಮೇಲಿನ ಮುಲಾಜೋ, ಅವನ ಮನಸ್ಸಿನಲ್ಲೇ ಸೂರ್ಯನೂ ಕ್ರಿಸ್ತನೂ ಒಂದಾಗಿದ್ದರೋ?

ಆ ಜೋಡಿ ತೂತುಗಳದ್ದೂ ಹಾಗೆಯೇ. ಚಕ್ರವರ್ತಿಯ ಮುಖ ತಲೆಕೆಳಗಾಗದಂತೆ ಎಚ್ಚರ ವಹಿಸಿ ಕೊರೆದದ್ದು ಕಣ್ಣಿಗೆ ಕಾಣುತ್ತದೆ. ಅದನ್ನು ಕೊರಳಿಗೆ ಹಾಕಿಕೊಂಡವರು ಆ ಮುಖವನ್ನು ದೂರದ ದೊರೆಯೆಂದು ಕರೆದರೋ, ಹೆಸರು ಗೊತ್ತಿಲ್ಲದ ದೇವರೆಂದೋ?